ಮೈಕಿನ ಮೊದಲ ಮಟ್ಟ

ಕೆಲವು ವರ್ಷಗಳ ಹಿಂದೆ ತೊಂಡಾಮುತ್ತೂರಿನ ಮನೆಯೊಂದರಲ್ಲಿ ವೃದ್ಧೆಯಾದ ನನ್ನ ಸೋದರತ್ತೆಯವರ ಸೋಬಾನೆ ಹಾಡುಗಳನ್ನು ಗಣಕಯಂತ್ರದಲ್ಲಿ ಮುದ್ರಿಸಿಕೊಂಡೆನು. ತಮಿಳು ನುಡಿಯ ನಡುವೆ ತಲೆಮಾರುಗಳಿಂದ ಮನೆಯೊಳಗೇ ಉಳಿದುಬಂದ ಕನ್ನಡ ಅದು. ನಮ್ಮವರಾರೂ ಅದನ್ನು ಬರೆದಿಟ್ಟವರಲ್ಲ. ಊರಿಗೆ ಮರಳಿ ಕೇಳಿದರೆ, ದನಿ ಏರಿದ ಕಡೆಯಲ್ಲೆಲ್ಲ ಹರಿದ ತಮಟೆಯ ಸದ್ದು! ಮೈಕನ್ನು ಶಂಕಿಸಿದೆನು, ತಂತಿಯನ್ನು ಶಂಕಿಸಿದೆನು. ದೋಷವಿದ್ದುದು ಎರಡರಲ್ಲಿಯೂ ಅಲ್ಲ, ನಾನು ಕಣ್ಣಿಟ್ಟು ನೋಡದಿದ್ದ ಒಂದು ಅಂಕಿಯಲ್ಲಿ.

ಮೈಕು ಹೊರಡಿಸುವ ವಿದ್ಯುತ್ತು ಬಹು ಕ್ಷೀಣವಾದುದು. ಅದನ್ನು ಮೊದಲು ವರ್ಧಿಸಿ, ಅನಂತರ ಅಂಕಿಗಳನ್ನಾಗಿ ಮಾರ್ಪಡಿಸಬೇಕು. ಹದಿನಾರು ಬಿಟ್ಟುಗಳ ಮುದ್ರಣದಲ್ಲಿ ಈ ಅಂಕಿಯು 32767ನ್ನು ಮೀರಲಾರದು. ಧ್ವನಿಯ ಅಲೆ ಅದಕ್ಕಿಂತ ಎತ್ತರಕ್ಕೆ ಎದ್ದರೆ ಅದರ ನೆತ್ತಿಯೇ ಕತ್ತರಿಸಿಹೋಗುತ್ತದೆ. ಹೋದ ಭಾಗವನ್ನು ಊಹಿಸಿ ತುಂಬಬಹುದಲ್ಲದೆ ಮರಳಿ ಪಡೆಯಲಾಗದು.

ಎಷ್ಟು ವರ್ಧಿಸಬೇಕೆಂಬುದನ್ನು ಯಂತ್ರಕ್ಕೆ ತಿಳಿಸುವುದು ಡ್ರೈವರ್ ಎಂಬ ಕ್ರಮವಿಧಿ. ನೊಯ್ಯಲ್ ನದಿಯ ನೀರುಣ್ಣುವ ನಮ್ಮ ಕಡೆಯ ಕೆರೆಗಳನ್ನು ವಾಚಕರು ನೆನೆಯಲಿ. ರೈತನು ಬಂದು ಹೇಳುವುದಕ್ಕೆ ಮುಂಚೆ ನೀರುಗಂಟಿಯು ತೂಬನ್ನು ಎಷ್ಟು ತೆರೆದಿಟ್ಟಿರಬೇಕು? ಡ್ರೈವರ್ ಬರೆಯುವವನ ಮುಂದಿರುವ ಪ್ರಶ್ನೆಯೂ ಇದೇ.

1997ರಲ್ಲಿ ಇಂಟೆಲ್ ಸಂಸ್ಥೆಯು ರೂಪಿಸಿದ ಎಸಿ 97 ಎಂಬ ನಿಯಮಾವಳಿ ಇದಕ್ಕೆ ಎಚ್ಚರಿಕೆಯ ಉತ್ತರವನ್ನಿತ್ತಿತು. ಅದರ ಪ್ರಕಾರ ಯಂತ್ರ ಚಾಲನೆಗೊಂಡೊಡನೆ ಮೈಕು ಮೌನವಾಗಿರಬೇಕು, ವರ್ಧನೆ ಸೊನ್ನೆ ಡೆಸಿಬೆಲ್ಲಿನಲ್ಲಿರಬೇಕು. ಅಲ್ಲಿಂದ ಒಂದೂವರೆ ಡೆಸಿಬೆಲ್ಲಿನ ಮೆಟ್ಟಿಲುಗಳಲ್ಲಿ 12ರವರೆಗೆ ಏರಬಹುದು. ಇದಲ್ಲದೆ 20 ಡೆಸಿಬೆಲ್ಲಿನ ಪ್ರತ್ಯೇಕ ವರ್ಧನೆಯೊಂದುಂಟು. ಅದು ಅಲೆಯ ಎತ್ತರವನ್ನು ಹತ್ತು ಪಟ್ಟು ಮಾಡುತ್ತದೆ. ಎರಡೂ ಕೂಡಿದರೆ ಸುಮಾರು ನಲವತ್ತು ಪಟ್ಟು! ನನ್ನ ಯಂತ್ರ ಬೇರೆ ಬಗೆಯದಾದರೂ ಇಂತಹುದೇ ವರ್ಧನೆ ಅದರಲ್ಲಿಯೂ ಇದ್ದಿತು. ಯಾರೋ ಬರೆದ ಡ್ರೈವರ್ ಅದನ್ನು ಮೊದಲೇ ತೆರೆದಿಟ್ಟಿತ್ತು. ಏಕೆಂದು ಊಹಿಸುವುದು ಕಷ್ಟವಲ್ಲ. ಮೈಕು ಮೂಕವಾಗಿದ್ದರೆ ಕೊಂಡವನು ಅಂಗಡಿಗೆ ಹಿಂದಿರುಗಿಸುತ್ತಾನೆ. ದನಿ ಹರಿದರೆ ತನ್ನನ್ನೇ ದೂಷಿಸಿಕೊಳ್ಳುತ್ತಾನೆ.

ಯುಎಸ್‌ಬಿ ಮೈಕುಗಳಿಗಾಗಿ 1998ರಲ್ಲಿ ಬಂದ ನಿಯಮ ಇನ್ನೂ ಸೊಗಸಾದುದು. ಕನಿಷ್ಠವೆಷ್ಟು, ಗರಿಷ್ಠವೆಷ್ಟು, ಮೆಟ್ಟಿಲಿನ ಅಳತೆಯೆಷ್ಟು ಎಂಬುದನ್ನು ಡ್ರೈವರ್ ಕೇಳಿದರೆ, ಉಪಕರಣವೇ ಡೆಸಿಬೆಲ್ಲಿನ 256ನೆಯ ಒಂದಂಶದ ಲೆಕ್ಕದಲ್ಲಿ ಉತ್ತರ ಕೊಡುತ್ತದೆ. ಕೆಲವು ಉಪಕರಣಗಳು ಸುಳ್ಳು ಹೇಳುವುದೂ ಉಂಟು. ಲಿನಕ್ಸಿನ ಡ್ರೈವರಿನಲ್ಲಿ ಅಂತಹವುಗಳಿಗಾಗಿಯೇ ತಿದ್ದುಪಡಿಗಳ ಪಟ್ಟಿಯೊಂದು ಬೆಳೆದಿದೆ. ಆದಕಾರಣ ಪರದೆಯ ಮೇಲೆ ಕಾಣುವ ‘ನೂರಕ್ಕೆ ಐವತ್ತು’ ಎಲ್ಲ ಯಂತ್ರಗಳಲ್ಲಿಯೂ ಒಂದೇ ಅಲ್ಲ.

ಡ್ರೈವರಿನ ಈ ಆಯ್ಕೆ ಮೊದಲ ದಿನಕ್ಕೆ ಮಾತ್ರ ಸಲ್ಲಬೇಕು. ಬಳಸುವವನು ಒಮ್ಮೆ ಬದಲಿಸಿದ ಮೇಲೆ ಅವನ ಇಷ್ಟವನ್ನೇ ಉಳಿಸುವುದು ಮರ್ಯಾದೆ. ಲಿನಕ್ಸಿನಲ್ಲಿ ಯಂತ್ರವನ್ನು ನಿಲ್ಲಿಸುವಾಗ ಆ ಮಟ್ಟವನ್ನು ಬರೆದಿಟ್ಟು, ಮತ್ತೆ ಹೊರಡಿಸುವಾಗ ಅದನ್ನೇ ಹಿಂದಿರುಗಿಸುವ ಏರ್ಪಾಡುಂಟು.

ಹಿರಿಯರನ್ನು ಕೂರಿಸಿ ಮುದ್ರಿಸುವವರು ಮೊದಲು ಪ್ರತ್ಯೇಕ ವರ್ಧನೆಯನ್ನು ಮುಚ್ಚಲಿ. ಅತಿ ಎತ್ತರದ ದನಿಯೂ ಮಿತಿಗಿಂತ 12 ಡೆಸಿಬೆಲ್ ಕೆಳಗೆ, ಎಂದರೆ ಕಾಲು ಎತ್ತರದಲ್ಲಿ ನಿಲ್ಲುವಂತೆ ನೋಡಿಕೊಳ್ಳಲಿ. ತಗ್ಗಿದ ದನಿಯನ್ನು ಆಮೇಲೆ ಏರಿಸಬಹುದು; ಜೊತೆಗೆ ಬೀಸಣಿಗೆಯ ಮೊರೆತವೂ ತುಸು ಏರೀತು, ಅಷ್ಟೆ.

ಮರುವರ್ಷ ಮತ್ತೆ ಹಾಡಿಸೋಣವೆಂದು ಹೋದಾಗ ಅತ್ತೆಯವರಿರಲಿಲ್ಲ. ಅವರು ಮೆಲುದನಿಯಲ್ಲಿ ಹಾಡಿದ ಎರಡು ಹಾಡುಗಳು ಮಾತ್ರ ಶುದ್ಧವಾಗಿ ಉಳಿದಿವೆ.