ತಲೆಯ ಪೆಟ್ಟು ಮತ್ತು ಕೆಲವು ತಪ್ಪು ತಿಳಿವಳಿಕೆಗಳು

2019ರ ನವೆಂಬರ್ 22ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್ ಮೈದಾನದಲ್ಲಿ ಮೊಹಮ್ಮದ್ ಶಮಿ ಎಸೆದ ಚೆಂಡು ಬಾಂಗ್ಲಾದೇಶದ ಲಿಟನ್ ದಾಸರ ಶಿರಸ್ತ್ರಾಣಕ್ಕೆ ಬಡಿಯಿತು. ದಾಸರು ಮೂರ್ಛೆ ಹೋಗಲಿಲ್ಲ. ಸ್ವಲ್ಪ ಹೊತ್ತು ಆಡಿಯೂ ಆಡಿದರು. ಆಮೇಲೆ ಆಟ ಬಿಡಬೇಕಾಯಿತು. ಅದೇ ದಿನ ನಯೀಮ್ ಹಸನ್ನರಿಗೂ ಹಾಗೆಯೇ ಆಗಿ, ಇಬ್ಬರ ಸ್ಥಾನಕ್ಕೂ ಬದಲಿ ಆಟಗಾರರು ಬಂದರು. ಆಟದ ನಿಯಮವು ಹೀಗೆ ಒಪ್ಪಿಕೊಂಡ ಮಾತನ್ನು ಮನೆಗಳು ಇನ್ನೂ ಒಪ್ಪಿಲ್ಲ. ಆ ಮೈದಾನದಿಂದ ಕೆಲವೇ ಮೈಲಿ ದಕ್ಷಿಣಕ್ಕಿರುವ ಕಾಳಿಘಾಟ್‌ನ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದವರು ಎದ್ದು ನಿಂತರೆ ಸಾಕು, ‘ಪ್ರಜ್ಞೆ ತಪ್ಪಲಿಲ್ಲವಲ್ಲ, ಏನೂ ಆಗಿಲ್ಲ’ ಎಂದುಬಿಡುತ್ತಾರೆ.

ಕನ್‌ಕಷನ್ ಎಂಬುದಕ್ಕೆ ಮಿದುಳಿನ ಅದುರುವಿಕೆ ಎಂದರೆ ಅರ್ಥ ಹತ್ತಿರವಾದೀತು. (ಮಿದುಳಾಘಾತ ಎನ್ನುವಂತಿಲ್ಲ, ಪತ್ರಿಕೆಗಳು ಆ ಪದವನ್ನು ರಕ್ತನಾಳದ ಬೇರೊಂದು ರೋಗಕ್ಕೆ ಕೊಟ್ಟುಬಿಟ್ಟಿವೆ.) ಬಹುಪಾಲು ಪ್ರಸಂಗಗಳಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ. ಪೆಟ್ಟು ತಲೆಗೇ ಬೀಳಬೇಕೆಂಬುದೂ ಇಲ್ಲ. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ತರಿಗೆ ಚೆಂಡು ತಗುಲಿದ್ದು ಕತ್ತಿಗೆ. ಅವರು ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಮತ್ತೆ ಬ್ಯಾಟ್ ಹಿಡಿದರು. ಲಕ್ಷಣಗಳು ತೋರಿದ್ದು ಮರುದಿನ ಬೆಳಿಗ್ಗೆ.

ಅದುರಿದ ನರಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಈ ಏರುಪೇರನ್ನು ಸರಿಪಡಿಸಲು ಕೋಶಗಳಿಗೆ ಹೆಚ್ಚು ಶಕ್ತಿ ಬೇಕು. ರಕ್ತದ ಪೂರೈಕೆ ಮಾತ್ರ ಅಷ್ಟಕ್ಕೆ ಸಾಲದು. ಸಿ.ಟಿ. ಸ್ಕ್ಯಾನ್ ರಕ್ತಸ್ರಾವವನ್ನೋ ಮೂಳೆಯ ಬಿರುಕನ್ನೋ ತೋರಿಸಬಲ್ಲದೇ ಹೊರತು ಈ ಕೊರತೆಯನ್ನಲ್ಲ. ಆದ್ದರಿಂದ ಶುದ್ಧವಾದ ಸ್ಕ್ಯಾನ್ ವರದಿಯನ್ನು ಆರೋಗ್ಯದ ಪ್ರಮಾಣಪತ್ರವೆಂದು ಭಾವಿಸಬಾರದು. ಕಷ್ಟವೆಲ್ಲ ಇರುವುದು ಇಲ್ಲಿಯೇ. ಹೊರಗೆ ಬುಗುಟೂ ಇಲ್ಲ, ಒಳಗಿನ ಚಿತ್ರದಲ್ಲಿಯೂ ಏನೂ ಇಲ್ಲ. ಆದರೂ ಪೆಟ್ಟು ತಿಂದವರಿಗೆ ದೇವಾಲಯದ ಗಂಟೆ ತಲೆಯೊಳಗೇ ಬಾರಿಸಿದಂತಾಗುತ್ತದೆ, ಪೂಜಾ ಕಾಲದ ದೀಪಮಾಲೆ ಕಣ್ಣಿಗೆ ಚುಚ್ಚುತ್ತದೆ, ಓದಿದ ಸಾಲನ್ನೇ ಮತ್ತೆ ಓದಬೇಕಾಗುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಮನೆಯವರು ಸೋಮಾರಿತನವೆನ್ನುತ್ತಾರೆ, ಕಚೇರಿಯವರು ನೆವವೆನ್ನುತ್ತಾರೆ. ನೋವಿಗಿಂತ ಈ ಅಪನಂಬಿಕೆಯೇ ಹಲವರನ್ನು ಹೆಚ್ಚು ಬಳಲಿಸುತ್ತದೆ.

ಕತ್ತಲೆಯ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಪದ್ಧತಿಯನ್ನೂ ಈಗ ಕೈಬಿಡಲಾಗಿದೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರ ಅಭಿಪ್ರಾಯದಂತೆ ಒಂದೆರಡು ದಿನ ಮಿತವಾದ ವಿಶ್ರಾಂತಿ, ಅನಂತರ ಲಕ್ಷಣಗಳು ಉಲ್ಬಣಿಸದಷ್ಟು ನಡಿಗೆ, ಕ್ರಮಕ್ರಮವಾಗಿ ಕೆಲಸ. ಹೆಚ್ಚಿನವರು ಕೆಲವು ವಾರಗಳಲ್ಲಿ ಗುಣವಾಗುತ್ತಾರೆ; ಕೆಲವರಿಗೆ ತಿಂಗಳುಗಳೇ ಬೇಕಾದಾವು. ಅದು ತೀರುವವರೆಗೆ ಇನ್ನೊಂದು ಪೆಟ್ಟು ಬೀಳದಂತೆ ಎಚ್ಚರಿಕೆಯಿರಬೇಕು. ನಿದ್ರೆಗೊಡಬಾರದೆಂಬುದೂ ಹಳೆಯ ಭಯವೇ. ವೈದ್ಯರು ನೋಡಿ ಅಪಾಯವಿಲ್ಲವೆಂದ ಮೇಲೆ ನಿದ್ರೆ ಹಿತಕರ.

ಆದರೆ ತಲೆನೋವು ಏರುತ್ತಲೇ ಹೋದರೆ, ಮೇಲಿಂದ ಮೇಲೆ ವಾಂತಿಯಾದರೆ, ಮಾತು ತೊದಲಿದರೆ, ಅಪಸ್ಮಾರ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಕಾಯಬಾರದು. ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವ ವೃದ್ಧರನ್ನು ಈ ಲಕ್ಷಣಗಳಿಲ್ಲದಿದ್ದರೂ ವೈದ್ಯರಿಗೆ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸನ್ನು ನೆನೆಯುತ್ತ ಕೂರುವ ಕಾರಣವಿಲ್ಲ. ಕಾಳಿಘಾಟ್‌ನವರಿಗೆ ನೆರೆಯ ಭವಾನೀಪುರದ ಶಂಭುನಾಥ ಪಂಡಿತ ರಸ್ತೆಯಲ್ಲಿಯೇ ಬಾಂಗೂರ್ ನರವಿಜ್ಞಾನ ಸಂಸ್ಥೆಯಿದೆ.