ಮುಂದಿನ ಪ್ಲೇಟಿಗೆ ಬಲ ಕೊಡುವವರು

ಗುಂಡ್ಲುಪೇಟೆಯಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ಬಂಡೀಪುರ ದಾಟಿ ಗೂಡಲೂರು, ಊಟಿಯತ್ತ. ಇನ್ನೊಂದು ಮೂಲೆಹೊಳೆ ಚೆಕ್‌ಪೋಸ್ಟ್ ದಾಟಿ ಸುಲ್ತಾನ್ ಬತ್ತೇರಿಯತ್ತ. ಮತ್ತೊಂದು ತೆರಕಣಾಂಬಿ ಮೇಲೆ ಹಾದು ಚಾಮರಾಜನಗರಕ್ಕೆ. ಕೇರಳಕ್ಕೆ ಹೋಗುವ ತರಕಾರಿ, ಬಾಳೆ, ಚೆಂಡುಹೂವಿನ ಗಾಡಿಗಳು ಇಲ್ಲಿಂದಲೇ ಹೊರಡಬೇಕು. ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧವಿದೆ. ಹಾಗಾಗಿ ಸಂಜೆ ಆಗುತ್ತಿದ್ದಂತೆ ಗೇಟು ಬೀಳುವ ಮುನ್ನ ದಾಟಿಬಿಡುವ ಅವಸರ. ಅದೇ ರಸ್ತೆಯಲ್ಲಿ ಪ್ರಾಣಿಗಳ ಸುರಕ್ಷತೆಗೆಂದು ಹಾಕಿದ ಹಂಪ್‌ಗಳು ಒಂದಾದ ಮೇಲೊಂದು. ತುಂಬಿದ ಗಾಡಿಯ ಡ್ರೈವರ್ ಹಂಪ್ ಕಂಡು ಬ್ರೇಕ್ ತುಳಿದ ಕ್ಷಣ ಭಾರವೆಲ್ಲ ಮುಂದಕ್ಕೆ ವಾಲುತ್ತದೆ; ಅದೇ ಹೊತ್ತಿಗೆ ಮುಂದಿನ ಚಕ್ರ ಹಂಪ್ ಹತ್ತಿರುತ್ತದೆ. ಮುಂದಿನ ಪ್ಲೇಟು, ಅಂದರೆ ಮುಂಭಾಗದ ಭಾರ ಹೊರುವ ಉಕ್ಕಿನ ಪಟ್ಟಿಯ ಸ್ಪ್ರಿಂಗು, ಕಟ್ ಆಗುವುದು ಇಂಥ ಗಳಿಗೆಯಲ್ಲೇ.

ಆಗ ನೆನಪಾಗುವುದು ಪ್ಲೇಟ್ ಕೆಲಸದವರು. ಇಂಜಿನ್ ಮೆಕ್ಯಾನಿಕ್‌ಗೆ ಸಿಗುವ ಮರ್ಯಾದೆ ಇವರಿಗಿಲ್ಲ. ಟಿಂಕರ್, ಪೇಂಟರ್‌ಗಳಂತೆ ಕಣ್ಣಿಗೆ ಕಾಣುವ ಕೆಲಸವೂ ಇವರದಲ್ಲ. ಗಾಡಿ ಹೊರುವ ಭಾರ ಮಾತ್ರ ಇವರ ಕೈ ಹಾಯದೆ ನೆಲ ಮುಟ್ಟುವುದಿಲ್ಲ.

ಅಂಗಡಿ ಎಂದರೆ ಹೆದ್ದಾರಿ ಬದಿಯ ಶೀಟಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಒಂದು ದಪ್ಪ ವೈಸು, ತೂಕದ ಸುತ್ತಿಗೆಗಳು, ಗೋಡೆಗೆ ಒರಗಿಸಿದ ಹಳೇ ಪ್ಲೇಟುಗಳು. ಗಾಡಿಗೆ ಜಾಕ್ ಕೊಟ್ಟು ಚಾಸಿಯ ಕೆಳಗೆ ಮರದ ದಿಮ್ಮಿ ಇಟ್ಟ ಮೇಲೆ ಪ್ಲೇಟುಗಳನ್ನು ಆಕ್ಸಲ್‌ಗೆ ಬಿಗಿದಿರುವ ಯು ಬೋಲ್ಟ್ ಬಿಚ್ಚುವ ಕೆಲಸ ಶುರು. ತುಕ್ಕು ಹಿಡಿದು ಜಪ್ಪಯ್ಯ ಎನ್ನದಿದ್ದರೆ ಗ್ಯಾಸ್ ಕಟಿಂಗೇ ಗತಿ. ಪ್ಲೇಟುಗಳ ಇಡೀ ಸೆಟ್ಟನ್ನು ಹೊರಗೆಳೆದು, ವೈಸಿನಲ್ಲಿ ಬಿಗಿದು, ಅವನ್ನೆಲ್ಲ ನಡುವೆ ಪೋಣಿಸಿರುವ ಸೆಂಟರ್ ಬೋಲ್ಟ್ ಬಿಚ್ಚುತ್ತಾರೆ. ವೈಸು ಸಡಿಲಿಸುತ್ತ ಬಂದಂತೆ ಒತ್ತಿಕೊಂಡಿದ್ದ ಪ್ಲೇಟುಗಳು ಒಂದನ್ನೊಂದು ಬಿಟ್ಟು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಒಂದೊಂದನ್ನೂ ಉಜ್ಜಿ, ಎತ್ತಿ ಹಿಡಿದು, ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳುತ್ತಾರೆ. ಗಟ್ಟಿ ಇದ್ದರೆ ಠಣ್ ಎನ್ನುತ್ತದೆ. ಬಿರುಕಿದ್ದರೆ ಸದ್ದು ಅಲ್ಲೇ ಸಾಯುತ್ತದೆ.

ಸಪಾಟಾದ ಪ್ಲೇಟಿಗೆ ಮತ್ತೆ ಬಾಗು ಕೊಡುವುದು ಕೈಚಳಕದ ಭಾಗ. ನಡುವೆ ತಗ್ಗಿರುವ ಕಬ್ಬಿಣದ ದಿಮ್ಮಿಯ ಮೇಲೆ ಪ್ಲೇಟಿಟ್ಟು, ಒಳಬಾಗಿನ ಕಡೆಯಿಂದ ಹೊಡೆಯುತ್ತ, ಪ್ರತಿ ಏಟಿಗೂ ಒಂದಿಷ್ಟು ಸರಿಸುತ್ತ ಹೋಗುತ್ತಾರೆ. ಕೆಂಡಕ್ಕೆ ಹಾಕಿ ಕೆಂಪಗೆ ಕಾಯಿಸಿದರೆ ಕೆಲಸ ಸಲೀಸು, ಆದರೆ ಉಕ್ಕಿನ ಹದ ಹೋಯಿತು. ಕಾರ್ಖಾನೆಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಅಳತೆಯ ಶಾಖದಲ್ಲಿಟ್ಟು ಕೊಟ್ಟ ಹದ ಅದು. ತುಂಡಾದ ಪ್ಲೇಟಿಗೆ ವೆಲ್ಡಿಂಗ್ ಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ: ಬೆಸುಗೆಯ ಪಕ್ಕದ ಉಕ್ಕು ಹದಗೆಟ್ಟು, ಮುಂದಿನ ಸಲ ಅಲ್ಲಿಯೇ ಮುರಿಯುತ್ತದೆ. ಸುತ್ತಿಗೆಯ ಅಂಚು ತಾಗಿ ಚೂಪಾದ ಗುಂಡಿ ಬಿದ್ದರೂ ಬಿರುಕಿಗೆ ಅಷ್ಟು ಸಾಕು. ಆದ್ದರಿಂದ ಕೆಲಸ ಬಲ್ಲವರ ಸುತ್ತಿಗೆಯ ಮೂತಿ ಉಬ್ಬಾಗಿ, ನುಣ್ಣಗಿರುತ್ತದೆ.

ಇನ್ನು ಬಲ ಕೊಡುವ ಮಾತು. ‘ಇನ್ನೊಂದ್ ಪ್ಲೇಟ್ ಸೇರ್ಸ್‌ಬುಡಣ್ಣ’ ಎನ್ನುವುದು ಡ್ರೈವರ್‌ಗಳ ಮಾಮೂಲಿ ವರಾತ. ‘ಸೇರ್ಸ್‌ಬೋದು ಕಣಪ್ಪ, ಆಮೇಕೆ ಚಾಸಿ ಸೀಳ್ಕಂಡ್ರೆ ನನ್ ಕೇಳ್ಬೇಡ’ ಎನ್ನುವುದು ಅನುಭವಸ್ಥರ ಮಾಮೂಲಿ ಉತ್ತರ. ಈ ಉತ್ತರದ ಹಿಂದೆ ಗಟ್ಟಿ ಲೆಕ್ಕವಿದೆ. ಒಂದೇ ದಪ್ಪದ ಆರು ಪ್ಲೇಟಿಗೆ ಏಳನೆಯದನ್ನು ಸೇರಿಸಿದರೆ ಬಿಗಿ ಹೆಚ್ಚುವುದು ಸುಮಾರು ಆರನೇ ಒಂದು ಪಾಲು. ಆದರೆ ಪ್ಲೇಟಿನ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 8 ಮಿಲಿಮೀಟರಿನ ಜಾಗಕ್ಕೆ 10 ಮಿಲಿಮೀಟರಿನದು ಬಂದರೆ ಆ ಒಂದು ಪ್ಲೇಟಿನ ಬಿಗಿಯೇ ಹೆಚ್ಚುಕಡಿಮೆ ಇಮ್ಮಡಿ. ರಾಶಿಯಲ್ಲಿ ಕೈಗೆ ಸಿಕ್ಕ ದಪ್ಪ ಪ್ಲೇಟನ್ನು ತುರುಕಿದರೆ ಅದೊಂದು ಪಕ್ಕದವಕ್ಕಿಂತ ಹೆಚ್ಚು ಭಾರ ಹೊರಬೇಕಾಗುತ್ತದೆ. ಬಾಗಿನದ್ದೂ ಇದೇ ಕಥೆ. ಕೆಳಗಿನ ಪ್ರತಿ ಪ್ಲೇಟೂ ಮೇಲಿನದಕ್ಕಿಂತ ಒಂದು ಚೂರು ಹೆಚ್ಚು ಬಾಗಿರಬೇಕು. ಸೆಂಟರ್ ಬೋಲ್ಟ್ ಬಿಗಿದಾಗ ನಡುವಿನ ಸಂದು ಮುಚ್ಚಿ, ಎರಡು ತುದಿಗೂ ಕಿವಿ ಇರುವ ಮೇನ್ ಪ್ಲೇಟಿನ ಮೇಲಿನ ಒತ್ತಡ ಅಷ್ಟು ತಗ್ಗುತ್ತದೆ. ಈ ಸಂದನ್ನು ಅಳೆಯಲು ಅಂಗಡಿಯಲ್ಲಿ ಉಪಕರಣ ಇರುವುದಿಲ್ಲ, ಕಣ್ಣಳತೆಯೇ ಎಲ್ಲ.

ಗಟ್ಟಿ ಮಾಡಿದಷ್ಟೂ ಏಟು ಬೇರೆ ಕಡೆ ದಾಟುತ್ತದೆ. ಪ್ಲೇಟು ನುಂಗುತ್ತಿದ್ದ ಹೊಡೆತ ಅದರ ತುದಿ ಹಿಡಿದಿರುವ ಹ್ಯಾಂಗರ್‌ಗೆ, ರಿವಿಟ್‌ಗೆ, ಕೊನೆಗೆ ಚಾಸಿಗೆ. ಚಾಮರಾಜನಗರದ ಸುತ್ತಿನ ಕರಿಕಲ್ಲು ಕ್ವಾರಿಗಳಿಂದ ಬರುವ ಗಾಡಿಗಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಕಲ್ಲಿನ ದಿಮ್ಮಿ ತರಕಾರಿಯ ಹಾಗೆ ಗಾಡಿಯ ತುಂಬ ಹರಡಿಕೊಳ್ಳುವುದಿಲ್ಲ. ಎಲ್ಲಿ ಇಟ್ಟರೋ ಭಾರವೆಲ್ಲ ಅಲ್ಲೇ. ದಿಮ್ಮಿ ಅರ್ಧ ಅಡಿ ಮುಂದಕ್ಕೆ ಕೂತರೆ ಅದಕ್ಕೆ ಔಷಧ ದಿಮ್ಮಿಯನ್ನು ಹಿಂದಕ್ಕೆ ಸರಿಸುವುದೇ ಹೊರತು ಪ್ಲೇಟು ಹೆಚ್ಚಿಸುವುದಲ್ಲ. ಕಂಪನಿ ಕೊಟ್ಟ ವಿನ್ಯಾಸವನ್ನು ಮನಸೋ ಇಚ್ಛೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅಡ್ಡಿಯೂ ಇದೆ. ಆ ಕಲಮಿನ ಹೆಸರು ಪ್ಲೇಟ್ ಅಂಗಡಿಗಳಲ್ಲಿ ಕೇಳಿಬರುವುದು ಕಡಿಮೆ.

ಎಲ್ಲ ಬಲವರ್ಧನೆಯೂ ದಡ್ಡತನವಲ್ಲ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಮುಂದಿನ ಎಡಗಡೆಯ ಸ್ಪ್ರಿಂಗಿಗೆ ಮಾತ್ರ ಕೆಳಗೊಂದು ಹೆಚ್ಚುವರಿ ಪಟ್ಟಿ ಇರುತ್ತಿತ್ತು. ಬ್ರೇಕ್ ಹಾಕಿದಾಗ ಆ ಬದಿಯ ಸ್ಪ್ರಿಂಗ್ ತಿರುಚಿಕೊಂಡು ಸ್ಟೀರಿಂಗ್ ಎಳೆಯದಿರಲೆಂದು ಕೊಟ್ಟದ್ದು ಅದು. ರೋಗ ಎಲ್ಲಿದೆಯೋ ಅಲ್ಲಿಗಷ್ಟೇ ಮದ್ದು.

ಊಟಿಯ ರಸ್ತೆ ಎಂದ ಮೇಲೆ ಅಪರೂಪಕ್ಕೊಮ್ಮೆ ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಹಾದುಹೋಗುವುದೂ ಉಂಟು. ಗಾಳಿಯಿಂದಲೇ ತಂಪಾಗುವ ಇಂಜಿನ್ ಹಿಂದೆ, ರೇಡಿಯೇಟರ್ ಇಲ್ಲವೇ ಇಲ್ಲ; ಮಸಿನಗುಡಿಯಿಂದ ಕಲ್ಲಟ್ಟಿಯ 36 ತಿರುವು ಹತ್ತಿದರೂ ನೀರು ಕುದಿಯುವ ಭಯವಿಲ್ಲ. ಇಂಥ ಕಾರಿನ ಮುಂಭಾಗವನ್ನು ಬಿಚ್ಚಿಟ್ಟರೆ ಪ್ಲೇಟ್ ಕೆಲಸದವರಿಗೆ ಗುರುತು ಹತ್ತುವ ವಸ್ತು ಒಳಗೇ ಇದೆ. ಅಡ್ಡಲಾಗಿ, ಒಂದರ ಮೇಲೊಂದು ಎರಡು ಉಕ್ಕಿನ ಕೊಳವೆ. ಪ್ರತಿ ಕೊಳವೆಯೊಳಗೆ ತೆಳು ಉಕ್ಕಿನ ಪಟ್ಟಿಗಳ ಕಟ್ಟು, ನಡುವೆ ಅಲುಗದಂತೆ ಹಿಡಿಸಿ, ಎರಡು ತುದಿಗೂ ಚಕ್ರ ಹೊರುವ ತೋಳು. ಲಾರಿಯ ಪಟ್ಟಿ ಬಾಗುತ್ತದೆ, ಬೀಟಲ್‌ನ ಪಟ್ಟಿ ತಿರುಚಿಕೊಳ್ಳುತ್ತದೆ, ವ್ಯತ್ಯಾಸ ಅಷ್ಟೇ. ಈ ತಿರುಚುವ ಸ್ಪ್ರಿಂಗಿನ ಪೇಟೆಂಟ್‌ಗೆ ಬೀಟಲ್ ರೂಪಿಸಿದ ಫರ್ಡಿನಾಂಡ್ ಪೋರ್ಷೆ ಅರ್ಜಿ ಹಾಕಿದ್ದು 1931ರಲ್ಲಿ.

ಬೀಟಲ್‌ನಲ್ಲಿ ಪಟ್ಟಿಗಳು ಮುರಿಯುವುದು ಕಡಿಮೆ. ಸೋಲುವುದು ಅವುಗಳ ಸುತ್ತಲಿನದು. ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಹಿಡಿದಿರುವ ಗೂಟದಂಥ ಭಾಗ ಕೊಳವೆಗೆ ಬೆಸೆದಲ್ಲಿ ಬಿರುಕು ಬಿಡುತ್ತದೆ. ಎರಡೂ ಕೊಳವೆಗಳ ಜೋಡಿಯನ್ನು ಚಾಸಿಗೆ ಕಚ್ಚಿಸುವುದು ನಾಲ್ಕು ಬೋಲ್ಟು. ಅವು ಕಚ್ಚುವ ಚಾಸಿಯ ಮುಂದಲೆಗೆ ಕೆಸರು, ನೀರು ಎರಚಿ ತುಕ್ಕು ಹಿಡಿಯುತ್ತದೆ. ಹಾಗಾಗಿ ಬಲವರ್ಧನೆ ಎಂದರೆ ತುಕ್ಕು ತಿಂದ ಮುಂದಲೆಗೆ ಹೊಸ ತಗಡು, ಆ ಗೂಟದಿಂದ ಕೊಳವೆಗಳಿಗೆ ಮೂಲೆಯ ಆಸರೆ ಪಟ್ಟಿ. ಇಲ್ಲಿ ವೆಲ್ಡಿಂಗ್ ಸಲ್ಲುತ್ತದೆ, ಆದರೆ ಒಂದೇ ಉಸಿರಿಗೆ ಎಳೆಯುವಂತಿಲ್ಲ. ಕೊಳವೆಯ ತುದಿಯಲ್ಲಿ ಸೂಜಿ ಬೇರಿಂಗ್‌ಗಳಿವೆ. ಶಾಖ ಏರಿದರೆ ಅವೂ ಹಾಳು, ಕೊಳವೆಯೂ ಡೊಂಕು. ಚುಕ್ಕೆ ಚುಕ್ಕೆಯಾಗಿ ಬೆಸೆದು, ಆರಲು ಬಿಟ್ಟು, ಮತ್ತೆ ಬೆಸೆಯಬೇಕು.

ಇಂಥ ಆಸರೆ ಪಟ್ಟಿಗಳನ್ನು ನೆಚ್ಚಿದವರಲ್ಲಿ ಮರುಭೂಮಿಯ ರೇಸಿನವರೂ ಇದ್ದಾರೆ. ಮೆಕ್ಸಿಕೋದ ಬಾಹಾದಲ್ಲಿ 1967ರಲ್ಲಿ ನಡೆದ ಮೊದಲ ಓಟ ಗೆದ್ದದ್ದು ಮೇಯರ್ಸ್ ಮ್ಯಾಂಕ್ಸ್ ಎಂಬ ಗಾಡಿ: ಕೆಳಗೆ ಬೀಟಲ್‌ನ ಸಾಮಾನು, ಮೇಲೆ ಫೈಬರ್ ಮೈ. ಅಲ್ಲಿನ ಚಾಳಿ ನಮ್ಮ ಊಟಿ ರಸ್ತೆಗೆ ಹಾಗೇ ಹೊಂದುವುದಿಲ್ಲ. ಗುಡ್ಡ ಹತ್ತಿಳಿಯುವ ಸಂಸಾರಸ್ಥ ಕಾರಿಗೆ ಅಷ್ಟು ಕಬ್ಬಿಣ ಪೇರಿಸುವುದು ಹಣ ದಂಡ, ಮೈ ನೋವು ಲಾಭ. ತುಕ್ಕು ತೆಗೆಸಿ, ಬುಷ್ ಬದಲಿಸಿ, ಶಾಕ್ ಅಬ್ಸಾರ್ಬರ್ ಸರಿಪಡಿಸಿದರೆ ಮುಕ್ಕಾಲು ರೋಗ ಅಲ್ಲಿಗೇ ವಾಸಿ.

ಲಾರಿ, ಪಿಕಪ್‌ಗಳ ಕಡೆ ಈಗ ಪ್ಯಾರಾಬೋಲಿಕ್ ಪ್ಲೇಟುಗಳು ಬಂದಿವೆ. ನಡುವೆ ದಪ್ಪ, ತುದಿಗೆ ತೆಳು. ಏಳೆಂಟು ಪ್ಲೇಟಿನ ಕೆಲಸಕ್ಕೆ ಎರಡೋ ಮೂರೋ ಸಾಕು. ಇದಕ್ಕೆ ರಾಶಿಯಿಂದ ಜೋಡಿ ಹುಡುಕಲಾಗದು, ಸುತ್ತಿಗೆ ಏಟಿಗೂ ಇದು ಒಗ್ಗದು. ಹೋದರೆ ಬಿಚ್ಚಿ ಹೊಸದು ಹಾಕುವುದೇ. ಹಳೇ ಕಟ್ಟಿನ ಗಾಡಿಗಳು ಓಡುವಷ್ಟು ಕಾಲ ಸುತ್ತಿಗೆಗೆ ಕೆಲಸವಿದೆ.

ಹಳೆಯದಿರಲಿ, ಹೊಸದಿರಲಿ, ಸೆಟ್ ಕೂರಿಸಿದ ಮೇಲಿನ ಒಂದು ಕೆಲಸ ಮಾತ್ರ ಬಹಳ ಮಂದಿ ಮಾಡಿಸುವುದಿಲ್ಲ. ಹೊಸದಾಗಿ ಬಿಗಿದ ಪ್ಲೇಟುಗಳು ಒಂದೆರಡು ಲೋಡ್ ಹೊತ್ತು ಒಂದರ ಮೇಲೊಂದು ಕೂತಾಗ ಯು ಬೋಲ್ಟ್ ಸಡಿಲವಾಗುತ್ತದೆ. ವಾಪಸ್ ಬಂದು ಬಿಗಿಸಿಕೊಂಡು ಹೋಗಿ ಎಂದು ಅಂಗಡಿಯವರು ಹೇಳಿಯೇ ಕಳಿಸುತ್ತಾರೆ. ಗಾಡಿ ಅಷ್ಟರಲ್ಲಿ ಬತ್ತೇರಿ ದಾಟಿರುತ್ತದೆ. ಯು ಬೋಲ್ಟ್ ಸಡಿಲವಾದರೆ ಅಲುಗಾಟವೆಲ್ಲ ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ. ಅದು ಕಟ್ ಆದರೆ ಆಕ್ಸಲ್ ಒಂದು ಬದಿಗೆ ಹಿಂದೆ ಸರಿದು, ಸ್ಟೀರಿಂಗ್ ನೆಟ್ಟಗೆ ಹಿಡಿದರೂ ಗಾಡಿ ಪಕ್ಕಕ್ಕೆ ಎಳೆಯತೊಡಗುತ್ತದೆ. ಅದು ಗೊತ್ತಾಗುವುದು ಹೆಚ್ಚಾಗಿ ಟಯರ್ ಒಂದೇ ಕಡೆ ಸವೆದ ಮೇಲೆ.