ಹಿಮನದಿಯ ಪುಟ್ಟ ಪಾದಚಾರಿ

ಮಳೆಗಾಲದ ಸಂಜೆ ದೀಪಕ್ಕೆ ಮುತ್ತುವ ಹುಳುಗಳನ್ನು ಕಂಡು ಬೆಳೆದ ನಮಗೆ ಕೀಟವೆಂದೊಡನೆ ರೆಕ್ಕೆಯೂ ಬೆಚ್ಚನೆಯ ಹವೆಯೂ ಒಟ್ಟಿಗೆ ನೆನಪಾಗುತ್ತವೆ. ಇವೆರಡರ ಆಸರೆಯೂ ಇಲ್ಲದೆ ಬಾಳುವ ಜೀವವೊಂದು ಹಿಮಾಲಯದಲ್ಲಿದೆಯೆಂದರೆ ಓದುಗ ಬಂಧುಗಳಿಗೆ ಅಚ್ಚರಿಯಾದೀತು.

ನೇಪಾಳದ ಲಾಂಗ್‌ಟಾಂಗ್ ಪ್ರದೇಶದಲ್ಲಿ, ಸಮುದ್ರಮಟ್ಟದಿಂದ 5,000 ಮೀಟರಿಗೂ ಎತ್ತರದಲ್ಲಿ, ಯಾಲಾ ಎಂಬ ಹಿಮನದಿಯಿದೆ. ಜಪಾನಿನ ವಿಜ್ಞಾನಿ ಶಿರೊ ಕೊಶಿಮಾ ಅವರು ಅದರ ಮೇಲೆ ನಡೆದಾಡುವ ಪುಟ್ಟ ಕೀಟವೊಂದನ್ನು ಕಂಡು, 1984ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರ ಪ್ರಕಟಿಸಿದರು. ಸೊಳ್ಳೆಗೆ ದೂರದ ನಂಟಿನ, ಆದರೆ ಕಚ್ಚದ ಬಳಗದ ಡಯಾಮೆಸಾ ಕುಲಕ್ಕೆ ಸೇರಿದ ಕೀಟವದು. ಅದರ ರೆಕ್ಕೆಗಳು ಮೊಟಕಾಗಿ ಹಾರಾಟಕ್ಕೆ ಒದಗವು. ಸೊನ್ನೆಗಿಂತ 16 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ಅದು ನಡೆದಾಡುತ್ತಿತ್ತು. ಯೂರೋಪು, ಉತ್ತರ ಅಮೆರಿಕಗಳಲ್ಲಿಯೂ ಹಿಮದ ಮೇಲೆ ಓಡಾಡುವ ರೆಕ್ಕೆಯಿಲ್ಲದ ನೊಣಗಳುಂಟು. ಅವುಗಳದು ಚಳಿಗಾಲದ ಮಾತು. ಇದಕ್ಕಾದರೋ ಹುಟ್ಟೂ ಸಾವೂ ಹಿಮನದಿಯಲ್ಲಿಯೇ.

ಅಂಥಲ್ಲಿ ಆಹಾರವೆಲ್ಲಿಯದು? ಕರಗಿದ ನೀರು ಮಂಜುಗಡ್ಡೆಯೊಳಗೆ ಕಾಲುವೆ ಕೊರೆದು ಹರಿಯುತ್ತದೆ. ಅದರಲ್ಲಿ ಬೆಳೆಯುವ ನೀಲಿಹಸಿರು ಪಾಚಿಯೂ ಬ್ಯಾಕ್ಟೀರಿಯಗಳೂ ಮರಿಹುಳುಗಳಿಗೆ ಆಹಾರ. ಆದರೆ ಒಂದು ತೊಡಕುಂಟು. ಹರಿಯುವ ನೀರು ಮರಿಗಳನ್ನು ಇಳಿಜಾರಿನತ್ತ ಸೆಳೆದೊಯ್ಯುತ್ತದೆ. ತಲೆಮಾರು ತಲೆಮಾರಿಗೂ ಹೀಗೆ ಕೆಳಗಿಳಿದರೆ ವಂಶವೇ ಹಿಮದಿಂದ ಹೊರಬಿದ್ದೀತು. ಆದುದರಿಂದ ಬೆಳೆದ ಹೆಣ್ಣುಕೀಟವು ಹಿಮನದಿಯ ಮೇಲ್ಭಾಗದತ್ತ ಕಾಲ್ನಡಿಗೆಯಲ್ಲಿ ಹೊರಡುತ್ತದೆ. ಎತ್ತ ನೋಡಿದರೂ ಬಿಳಿಯ ಬಯಲು. ಆದರೂ ಅದರ ಹಾದಿ ನೇರ. ಸೂರ್ಯನನ್ನೇ ದಿಕ್ಸೂಚಿಯಾಗಿಟ್ಟುಕೊಂಡು ಅದು ನಡೆಯುತ್ತದೆಂಬುದನ್ನು ಕೊಶಿಮಾ ಅವರು 1985ರ ಇನ್ನೊಂದು ಲೇಖನದಲ್ಲಿ ವಿವರಿಸಿದರು. ಚಳಿಯನ್ನು ತಾಳುವ ಶಕ್ತಿಗಿಂತಲೂ ಈ ನಡಿಗೆಯೇ ನಮಗೆ ದೊಡ್ಡದಾಗಿ ತೋರುತ್ತದೆ. ಎಳ್ಳಿನಷ್ಟು ಜೀವಕ್ಕೆ ಬೆಟ್ಟದಷ್ಟು ಏರು!

ಈಗ ಆ ಹಾದಿಯೇ ಕಿರಿದಾಗುತ್ತಿದೆ. 1970ರ ದಶಕದ ಮೊದಲ ಅಳತೆಯಿಂದೀಚೆಗೆ ಯಾಲಾ ಹಿಮನದಿ ಶೇಕಡ 66ರಷ್ಟು ಕುಗ್ಗಿ, 784 ಮೀಟರ್ ಹಿಂದೆ ಸರಿದಿದೆ. 2025ರ ಮೇ ತಿಂಗಳಲ್ಲಿ ಬೌದ್ಧ ಭಿಕ್ಷುಗಳೂ ಸ್ಥಳೀಯರೂ ವಿಜ್ಞಾನಿಗಳೂ ಅದರ ಬಳಿ ಸೇರಿ, ಅಗಲಿದವರಿಗೆ ಮಾಡುವಂತೆ ವಿದಾಯದ ವಿಧಿ ನಡೆಸಿ, ನೆನಪಿನ ಶಿಲಾಫಲಕಗಳನ್ನಿಟ್ಟರು. ನದಿಯೊಂದು ಕಣ್ಣೆದುರಿಗೆ ಇನ್ನೂ ಇರುವಾಗಲೇ ಅದಕ್ಕೆ ಅಂತ್ಯವಿಧಿ ನಡೆದುದನ್ನು ನಾವು ಹಿಂದೆಂದೂ ಕೇಳಿರಲಿಲ್ಲ.

ಹಿಮದ ಅಂಚು ಮೇಲೇರಿದಂತೆ ಕೀಟದ ನೆಲೆಯೂ ಮೇಲೇರಬೇಕು. ಬೆಟ್ಟದ ನೆತ್ತಿಯಿಂದಾಚೆಗೆ ಹಿಮವಿಲ್ಲ. ಕಣಿವೆ ದಾಟಿ ಮತ್ತೊಂದು ಹಿಮನದಿಗೆ ಹಾರಿಹೋಗೋಣವೆಂದರೆ ಅದಕ್ಕೆ ರೆಕ್ಕೆಯಿಲ್ಲ.